ಕೇಟಳ 44 ಸಾಲುಗಳು

ಪ್ರಶ್ನೆ: ನನ್ನ ಮಗಳು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದಾಳೆ. ಅವಳ ಕಾಲೇಜಿನ ತಂಡ ಈ ವರ್ಷ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ (ಗಯ್ಯಾಳಿಯನ್ನು ಪಳಗಿಸುವುದು) ನಾಟಕವನ್ನು ಕನ್ನಡದಲ್ಲಿ ಆಡುತ್ತಿದೆ. ನಾಯಕಿ ಕ್ಯಾಥರೀನಾಳ, ಅಂದರೆ ಕೇಟಳ, ಪಾತ್ರ ಇವಳಿಗೆ ಸಿಕ್ಕಿದೆ. ಹುರುಪಿನಿಂದ ಅಭ್ಯಾಸಕ್ಕೆ ಹೋಗುತ್ತಿದ್ದವಳು ಈಗ ಕೊನೆಯ ಭಾಷಣವನ್ನು ಹೇಳುವುದೇ ಇಲ್ಲವೆಂದು ಕುಳಿತಿದ್ದಾಳೆ. ‘ಗಂಡನೇ ಒಡೆಯ, ಅವನ ಕಾಲಡಿ ಕೈಯಿಡಿ ಎಂದು ನಾನು ಇಷ್ಟು ಜನರ ಮುಂದೆ ಹೇಳಬೇಕೆ?’ ಎನ್ನುತ್ತಾಳೆ. ಅವಳ ಮೇಷ್ಟ್ರು, ‘ಅದು ಪ್ರೀತಿಯಿಂದ ಆದ ಬದಲಾವಣೆ. ಒಪ್ಪಿಗೆಯಾಗದಿದ್ದರೆ ಕಣ್ಣು ಮಿಟುಕಿಸಿ ಹೇಳಿಬಿಡು, ಜನ ನಗುತ್ತಾರೆ’ ಎಂದಿದ್ದಾರಂತೆ. ಸಮಯ ಸಾಲದೆಂದು ಆರಂಭದ ಕುಡುಕನ ಪ್ರಸಂಗವನ್ನೂ ನಾಲ್ಕನೆಯ ಅಂಕದ ಬಹುಭಾಗವನ್ನೂ ಕೈಬಿಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ‘ನಂಜುಂಡಿ ಕಲ್ಯಾಣ’ ನೋಡಿ ಮನಸಾರೆ ನಕ್ಕವಳು. ಮಗಳಿಗೆ ಏನು ಹೇಳಲಿ? ಕ್ಯಾಥರೀನಾ ನಿಜವಾಗಿ ಬದಲಾಗುತ್ತಾಳೆಯೇ?

ಉತ್ತರ: ನಿಮ್ಮ ಮಗಳ ಗಂಟಲಲ್ಲಿ ಸಿಕ್ಕಿಕೊಂಡಿರುವ ಆ ಮಾತುಗಳು ಅವಳಿಗಿಂತ ಮೊದಲು ಬಹಳ ಜನರ ಗಂಟಲಲ್ಲಿ ಸಿಕ್ಕಿಕೊಂಡಿವೆ. ಷೇಕ್ಸ್‌ಪಿಯರ್ ಬದುಕಿದ್ದಾಗಲೇ, ಸುಮಾರು 1611ರಲ್ಲಿ, ಜಾನ್ ಫ್ಲೆಚರ್ ಎಂಬ ಕಿರಿಯ ನಾಟಕಕಾರ ಇದಕ್ಕೆ ಉತ್ತರವಾಗಿ ಇನ್ನೊಂದು ನಾಟಕ ಬರೆದ. ಅದರಲ್ಲಿ ಕ್ಯಾಥರೀನಾ ತೀರಿಕೊಂಡಿದ್ದಾಳೆ. ಗಂಡ ಪೆಟ್ರೂಚಿಯೋ ಎರಡನೆಯ ಮದುವೆಯಾಗುತ್ತಾನೆ. ಹೊಸ ಹೆಂಡತಿ ಮರಿಯಾ ಅವನನ್ನು ಕೋಣೆಯ ಹೊರಗೆ ನಿಲ್ಲಿಸಿ, ಬಾಗಿಲು ಭದ್ರಪಡಿಸಿಕೊಂಡು, ಅವನನ್ನೇ ಪಳಗಿಸುತ್ತಾಳೆ. 1633ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜನ ಮುಂದೆ ಎರಡು ದಿನಗಳ ಅಂತರದಲ್ಲಿ ಎರಡೂ ನಾಟಕಗಳು ನಡೆದವು. ಷೇಕ್ಸ್‌ಪಿಯರನದು ‘ಮೆಚ್ಚುಗೆಯಾಯಿತು’, ಫ್ಲೆಚರನದು ‘ಬಹಳ ಮೆಚ್ಚುಗೆಯಾಯಿತು’ ಎಂದು ಆಸ್ಥಾನದ ಅಧಿಕಾರಿ ಬರೆದಿಟ್ಟಿದ್ದಾನೆ. 1897ರಲ್ಲಿ ಬರ್ನಾರ್ಡ್ ಷಾ ಈ ನಾಟಕದ ಕೊನೆಯ ದೃಶ್ಯ ಇಂದಿನವರ ಮನಸ್ಸಿಗೆ ಹೇಸಿಗೆ ಹುಟ್ಟಿಸುವಂಥದ್ದೆಂದೂ, ಮಾನವಂತ ಗಂಡಸು ಹೆಂಗಸರ ಪಕ್ಕದಲ್ಲಿ ಕುಳಿತು ಅದನ್ನು ನಾಚಿಕೆಯಿಲ್ಲದೆ ನೋಡಲಾರನೆಂದೂ ಬರೆದ. ಅಂದರೆ ನಿಮ್ಮ ಮಗಳ ಸಿಟ್ಟಿಗೆ ಒಳ್ಳೆಯ ಮನೆತನವಿದೆ. ಅದನ್ನು ಅವಳಿಗೆ ಮೊದಲು ಹೇಳಿ.

ಆದರೂ ಆ ಭಾಷಣವನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನಿಜವಾದ ತಪ್ಪು ನಡೆದಿರುವುದು ನಾಲ್ಕನೆಯ ಅಂಕಕ್ಕೆ ಕತ್ತರಿ ಹಾಕಿದಾಗ. ಕೇಟ್ ಹೇಗೆ ಬದಲಾದಳೆಂಬುದನ್ನು ತೋರಿಸುವ ದೃಶ್ಯಗಳನ್ನೇ ತೆಗೆದುಬಿಟ್ಟು ಬದಲಾದ ಕೇಟಳನ್ನು ಮಾತ್ರ ರಂಗಕ್ಕೆ ತಂದರೆ, ಆ ಹುಡುಗಿ ಯಾವ ನೆಲದ ಮೇಲೆ ನಿಂತು ಮಾತನಾಡಬೇಕು?

ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ನಾಟಕ ಬರೆದದ್ದು 1590ರಿಂದ 1592ರ ಆಸುಪಾಸಿನಲ್ಲಿ, ಅಚ್ಚಾದದ್ದು 1623ರಲ್ಲಿ. ಇಟಲಿಯ ಪಾಡುವಾ ನಗರದ ಸಿರಿವಂತ ಬ್ಯಾಪ್ಟಿಸ್ಟಾನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕ್ಯಾಥರೀನಾ, ಊರಿನ ಬಾಯಲ್ಲಿ ಗಯ್ಯಾಳಿ. ಚಿಕ್ಕವಳು ಬಿಯಾಂಕಾ, ಎಲ್ಲರ ಕಣ್ಮಣಿ. ದೊಡ್ಡವಳಿಗೆ ಗಂಡು ಸಿಗುವವರೆಗೆ ಚಿಕ್ಕವಳ ಮದುವೆಯಿಲ್ಲವೆಂದು ಅಪ್ಪ ಬೀದಿಯಲ್ಲೇ ಸಾರುತ್ತಾನೆ. ಕ್ಯಾಥರೀನಾಳ ಮೊದಲ ಮಾತು ಅದಕ್ಕೆ ಪ್ರತಿಯಾಗಿ ಬರುತ್ತದೆ. ‘ಈ ಗಂಡುಗಳ ನಡುವೆ ನನ್ನನ್ನು ನಗೆಪಾಟಲು ಮಾಡುವುದೇ ನಿಮ್ಮ ಇಚ್ಛೆಯೇ, ಅಪ್ಪಾ?’ ಎಂದು ಕೇಳುತ್ತಾಳೆ. ಗಯ್ಯಾಳಿಯ ಕೂಗಾಟವೆಂದು ಅದನ್ನು ಆಡಿಸುವುದು ವಾಡಿಕೆ. ನನಗಂತೂ ಅದರಲ್ಲಿ ಅವಮಾನಗೊಂಡ ಮಗಳ ದನಿ ಕೇಳುತ್ತದೆ. ಮುಂದೆ ತಂಗಿಯ ಕೈಕಟ್ಟಿ ಹೊಡೆಯುತ್ತಾಳೆ, ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಪ್ಪ ಬಂದು ಬೈದಾಗ ಏನೆನ್ನುತ್ತಾಳೆ ನೋಡಿ: ಅವಳೇ ನಿಮ್ಮ ನಿಧಿ, ಅವಳಿಗೇ ಗಂಡ ಬೇಕು, ಅವಳ ಮದುವೆಯ ದಿನ ನಾನು ಬರಿಗಾಲಲ್ಲಿ ಕುಣಿಯಬೇಕು.

ಅಲ್ಲಿಗೆ ವೆರೋನಾದಿಂದ ಪೆಟ್ರೂಚಿಯೋ ಬರುತ್ತಾನೆ. ಅಪ್ಪ ಈಚೆಗೆ ತೀರಿಕೊಂಡಿದ್ದಾನೆ. ‘ಹಣವಿರುವ ಹೆಣ್ಣು ಸಿಕ್ಕರೆ ಸಾಕು, ಪಾಡುವಾದಲ್ಲಿ ಸುಖವಾಗಿ ಮದುವೆಯಾಗುತ್ತೇನೆ’ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಹುಡುಗಿಯ ಮುಖ ನೋಡುವ ಮೊದಲೇ 20,000 ಕ್ರೌನ್ ವರದಕ್ಷಿಣೆಯೂ, ಮಾವನ ಕಾಲಾನಂತರ ಅರ್ಧ ಆಸ್ತಿಯೂ ಗೊತ್ತಾಗುತ್ತವೆ. ಮದುವೆ ಗೊತ್ತಾದ ಮೇಲೆ ಬಿಯಾಂಕಾಳನ್ನು ಬಯಸಿ ಬಂದವರ ಕಡೆಯ ಒಬ್ಬನು ಬ್ಯಾಪ್ಟಿಸ್ಟಾನಿಗೆ, ಕೊಳೆಯುತ್ತಿದ್ದ ಸರಕು ಈಗ ಲಾಭವನ್ನಾದರೂ ತರುತ್ತದೆ, ಇಲ್ಲವೇ ಸಮುದ್ರದಲ್ಲಿ ಮುಳುಗುತ್ತದೆ ಎನ್ನುತ್ತಾನೆ. ಭಾನುವಾರವೇ ಮದುವೆ ಎಂದು ಪೆಟ್ರೂಚಿಯೋ ಸಾರಿದಾಗಲೇ, ಅದಕ್ಕೆ ಮೊದಲು ಇವನನ್ನು ಗಲ್ಲಿಗೇರಿಸುವುದನ್ನು ನೋಡುತ್ತೇನೆ ಎಂದು ಕೇಟ್ ಹೇಳಿದ್ದಾಳೆ. ಏಕಾಂತದಲ್ಲಿ ಒಪ್ಪಿದ್ದಾಳೆ, ನಾಲ್ಕು ಜನರ ಮುಂದೆ ಮಾತ್ರ ಒರಟಾಗಿರುತ್ತಾಳೆಂದು ನಮ್ಮಲ್ಲೇ ಕರಾರಾಗಿದೆ ಎಂದು ಅವನು ಸುಳ್ಳು ಹೇಳುತ್ತಾನೆ. ಅಪ್ಪ ಅದನ್ನು ನಂಬುತ್ತಾನೆ. ಇನ್ನು ಮೇಲೆ ಅವಳು ‘ಇಲ್ಲ’ ಎಂದಷ್ಟೂ ಅದು ‘ಹೌದು’ ಎಂಬುದಕ್ಕೇ ಸಾಕ್ಷಿ! ಆ ದೃಶ್ಯದಲ್ಲಿ ಆಮೇಲೆ ಕೇಟ್ ಒಂದು ಮಾತನ್ನೂ ಆಡುವುದಿಲ್ಲ. ಅವಳನ್ನು ಪಳಗಿಸುವುದು ಮದುವೆಯ ನಂತರ ಆರಂಭವಾಯಿತೆಂದು ಎಲ್ಲರೂ ಬರೆಯುತ್ತಾರೆ. ನಾನು ಈ ಮೌನದಿಂದ ಲೆಕ್ಕ ಹಾಕುತ್ತೇನೆ.

ಇನ್ನು ನಾಲ್ಕನೆಯ ಅಂಕ. ಮದುವೆಯ ಊಟಕ್ಕೂ ನಿಲ್ಲಿಸದೆ ಅವನು ಅವಳನ್ನು ತನ್ನ ಹಳ್ಳಿಯ ಮನೆಗೆ ಎಳೆದೊಯ್ಯುತ್ತಾನೆ. ಮೂರನೆಯ ಅಂಕದ ಕೊನೆಗೆ ಹೊರಡುವಾಗಲೇ ಅವನಾಡುವ ಮಾತು ಪ್ರಸಿದ್ಧ: ಇವಳು ನನ್ನ ಸ್ವತ್ತು, ನನ್ನ ಮನೆ, ನನ್ನ ಹೊಲ, ನನ್ನ ಕಣಜ, ನನ್ನ ಕುದುರೆ, ನನ್ನ ಎತ್ತು, ನನ್ನ ಕತ್ತೆ. ದಾರಿಯಲ್ಲಿ ಕುದುರೆ ಮುಗ್ಗರಿಸಿ ಅವಳು ಕೆಸರಿನಲ್ಲಿ ಬೀಳುತ್ತಾಳೆ. ಚಳಿಯಲ್ಲಿ ಮನೆ ತಲುಪಿದರೆ ಬಡಿಸಿದ ಮಾಂಸ ಸೀದುಹೋಗಿದೆ ಎಂದು ತಟ್ಟೆಗಳನ್ನು ಎಸೆಯುತ್ತಾನೆ. ಹಾಸಿಗೆ ಸರಿಯಿಲ್ಲವೆಂದು ದಿಂಬು ಒಂದು ಕಡೆ, ಹೊದಿಕೆ ಒಂದು ಕಡೆ ಬಿಸಾಡಿ, ರಾತ್ರಿಯಿಡೀ ಕಿರುಚಾಡಿ ನಿದ್ದೆ ಕೆಡಿಸುತ್ತಾನೆ. ಎಲ್ಲವೂ ಅವಳ ಮೇಲಿನ ಅಕ್ಕರೆಯ ಹೆಸರಿನಲ್ಲಿ. ಆಮೇಲೆ ಒಬ್ಬನೇ ನಿಂತು ಪ್ರೇಕ್ಷಕರಿಗೆ ತನ್ನ ತಂತ್ರವನ್ನು ಬಿಡಿಸಿ ಹೇಳುತ್ತಾನೆ: ‘ನನ್ನ ಗಿಡುಗ ಈಗ ಹಸಿದು ಹೊಟ್ಟೆ ಬರಿದಾಗಿ ಕುಳಿತಿದೆ. ಬಗ್ಗುವವರೆಗೆ ಅದಕ್ಕೆ ಹೊಟ್ಟೆ ತುಂಬ ತಿನ್ನಿಸಬಾರದು.’

ಈ ಹೋಲಿಕೆಯನ್ನು ಅಲಂಕಾರವೆಂದು ದಾಟಿಹೋಗಬೇಡಿ. ಬೇಟೆಗೆ ಗಿಡುಗ ಪಳಗಿಸುವುದು ಆ ಕಾಲದ ಸಿರಿವಂತರಿಗೆಲ್ಲ ಗೊತ್ತಿದ್ದ ವಿದ್ಯೆ. ನಮ್ಮಲ್ಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಯೂ ರಾಜನ ವಿನೋದಗಳಲ್ಲೊಂದು. ಇಂಗ್ಲೆಂಡಿನ ಕ್ರಮದಲ್ಲಿ ಕಾಡಿನಿಂದ ಹಿಡಿದ ಬೆಳೆದ ಹೆಣ್ಣು ಗಿಡುಗವನ್ನು ಹಗಲೂ ರಾತ್ರಿ ಕಣ್ಣು ಮುಚ್ಚಲು ಬಿಡದೆ ಕೈಮೇಲೆ ಕೂರಿಸಿಕೊಂಡಿರುತ್ತಿದ್ದರು. ಹಿಡಿದವನೂ ಜೊತೆಯಲ್ಲಿ ಎಚ್ಚರವಾಗಿಯೇ ಇರಬೇಕು. ಕೊನೆಗೆ ಹಕ್ಕಿ ಸೋತು ಅವನ ಕೈಯಿಂದಲೇ ತುತ್ತು ತೆಗೆದುಕೊಳ್ಳುತ್ತದೆ. ಪೆಟ್ರೂಚಿಯೋ ತಾನೂ ಉಪವಾಸ, ತಾನೂ ಜಾಗರಣೆ ಮಾಡುವುದು ಇದಕ್ಕೇ. ಅದು ತ್ಯಾಗವೆಂದು ವಾದಿಸುವವರನ್ನು ಕಂಡಿದ್ದೇನೆ. ಅದು ಬೇಟೆಗಾರನ ತಾಳ್ಮೆ. ನಿಮ್ಮ ಮಗಳಿಗೆ ಗಿಡುಗ ದೂರವೆನಿಸಿದರೆ ಸಕ್ರೆಬೈಲಿನ ಆನೆ ಬಿಡಾರ ಹತ್ತಿರದಲ್ಲೇ ಇದೆ. ಕಾಡಿನಿಂದ ಹಿಡಿದು ತಂದ ಆನೆಯನ್ನು ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕಿ ಪಳಗಿಸುವ ಬಗೆಯನ್ನು ಅಲ್ಲಿಯ ಮಾವುತರನ್ನು ಕೇಳಿ ತಿಳಿಯಲಿ. ‘ಪಳಗಿಸು’ ಎಂಬ ನಮ್ಮ ಮಾತಿನ ತೂಕ ಆಗ ಗೊತ್ತಾಗುತ್ತದೆ.

ಆ ಕಾಲಕ್ಕೆ ಇದು ಸೌಮ್ಯವೇ ಆಗಿತ್ತು ಎಂದು ಸಮರ್ಥಿಸುವುದುಂಟು. ಅದಕ್ಕೆ ಆಧಾರವೂ ಇದೆ. 16ನೆಯ ಶತಮಾನದ ಮಧ್ಯದ ಒಂದು ಇಂಗ್ಲಿಷ್ ಲಾವಣಿಯಲ್ಲಿ ಗಂಡ ಹೆಂಡತಿಯನ್ನು ರಕ್ತ ಬರುವಂತೆ ಹೊಡೆದು, ಉಪ್ಪು ಸವರಿದ ಕುದುರೆಯ ಚರ್ಮದಲ್ಲಿ ಸುತ್ತುತ್ತಾನೆ. ಅದನ್ನು ಹಾಸ್ಯವೆಂದೇ ಓದುತ್ತಿದ್ದರು. ಪೆಟ್ರೂಚಿಯೋ ಕೇಟಳಿಗೆ ಒಂದೇಟೂ ಹೊಡೆಯುವುದಿಲ್ಲ. ಮೊದಲ ಭೇಟಿಯಲ್ಲಿ ಹೊಡೆಯುವವಳು ಅವಳೇ. ಆದರೆ ಅನ್ನ, ನಿದ್ದೆ, ಬಟ್ಟೆ, ಮಾತು ಇವನ್ನೆಲ್ಲ ಕಿತ್ತುಕೊಂಡವನನ್ನು ಕೈಯೆತ್ತಲಿಲ್ಲವೆಂಬ ಒಂದೇ ಕಾರಣಕ್ಕೆ ಸೌಮ್ಯನೆನ್ನಲು ನನ್ನಿಂದಾಗದು. ನಮ್ಮ ದೇಶದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಹೊಡೆತವೊಂದನ್ನೇ ಹಿಂಸೆಯೆಂದು ಎಣಿಸುವುದಿಲ್ಲ. ಮಾತಿನ, ಮನಸ್ಸಿನ, ಹಣಕಾಸಿನ ಪೀಡನೆಯನ್ನೂ ಸೇರಿಸುತ್ತದೆ.

ಅವಳಿಗೆಂದು ತಂದ ಟೋಪಿ, ಉಡುಪುಗಳನ್ನು ಪೆಟ್ರೂಚಿಯೋ ಹಳಿಯುವ ದರ್ಜಿಯ ದೃಶ್ಯದಲ್ಲಿ ಕೇಟ್ ಕೊನೆಯ ಬಾರಿಗೆ ತನ್ನ ಹಳೆಯ ದನಿಯಲ್ಲಿ ಮಾತನಾಡುತ್ತಾಳೆ. ‘ನಾನು ಮಗುವಲ್ಲ, ಹಸುಗೂಸಲ್ಲ. ನನ್ನ ನಾಲಿಗೆ ನನ್ನ ಎದೆಯ ಕೋಪವನ್ನು ಹೇಳಿಯೇ ತೀರುತ್ತದೆ. ಮುಚ್ಚಿಟ್ಟರೆ ಎದೆಯೇ ಒಡೆದುಹೋಗುತ್ತದೆ.’ ಇಡೀ ನಾಟಕದಲ್ಲಿ ನನಗೆ ಅತಿ ಪ್ರಿಯವಾದ ಮಾತು ಇದು. ಅದಕ್ಕೆ ಪೆಟ್ರೂಚಿಯೋ ಕೊಡುವ ಉತ್ತರವೇನು? ‘ಹೌದು, ನೀನು ಹೇಳಿದ್ದು ಸರಿ, ಆ ಟೋಪಿ ಚೆನ್ನಾಗಿಲ್ಲ.’ ಅವಳು ಹೇಳಿದ್ದನ್ನು ಕೇಳಿಸಿಕೊಳ್ಳದೆ, ಹೇಳದೇ ಇದ್ದುದನ್ನು ಕೇಳಿಸಿಕೊಂಡವನಂತೆ ಮಾತು ತಿರುಗಿಸುತ್ತಾನೆ. ಇದನ್ನು ರಂಗದ ಮೇಲೆ ತಂದರೆ ಸಭಾಂಗಣದಲ್ಲಿರುವ ಎಷ್ಟೋ ಹೆಂಗಸರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಬದಲಾವಣೆ ನಡೆಯುವುದು ಪಾಡುವಾಕ್ಕೆ ಹಿಂದಿರುಗುವ ದಾರಿಯಲ್ಲಿ, ನಡುಹಗಲಿನಲ್ಲಿ. ಪೆಟ್ರೂಚಿಯೋ ಸೂರ್ಯನನ್ನು ತೋರಿಸಿ ‘ಚಂದ್ರ ಎಷ್ಟು ಚೆನ್ನಾಗಿ ಬೆಳಗುತ್ತಿದ್ದಾನೆ!’ ಎನ್ನುತ್ತಾನೆ. ಸೂರ್ಯ ಎಂದು ಅವಳು ಹೇಳಿದರೆ ಕುದುರೆ ತಿರುಗಿಸಿ ಹಿಂದಕ್ಕೆ ಹೊರಡುತ್ತಾನಂತೆ.

ಇಲ್ಲಿ ನಮ್ಮದೇ ಕಥೆಯೊಂದು ನೆನಪಾಗುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಉದ್ದಾಲಕ ಮುನಿಯ ಹೆಂಡತಿ ಚಂಡಿ ಬರುತ್ತಾಳೆ. ಗಂಡ ಏನು ಹೇಳಿದರೂ ಅದಕ್ಕೆ ವಿರುದ್ಧ ಮಾಡುವವಳು. ‘ಚಂಡಿ ಹಿಡಿಯುವುದು’ ಎಂದು ನಾವೆಲ್ಲ ಮಕ್ಕಳನ್ನು ಬೈಯುವ ಮಾತಿನ ಹೆಸರಿನವಳು. ಬೇಸತ್ತ ಉದ್ದಾಲಕ ಒಂದು ಉಪಾಯ ಕಲಿಯುತ್ತಾನೆ. ಬೇಕಾದದ್ದಕ್ಕೆ ಬೇಡವೆನ್ನುತ್ತಾನೆ, ಕೆಲಸ ನಡೆದುಹೋಗುತ್ತದೆ. ಶ್ರಾದ್ಧವೂ ಹಾಗೆಯೇ ಸಾಂಗವಾಗಿ ಮುಗಿಯುತ್ತಾ ಬಂದಾಗ ಮೈಮರೆತು, ಪಿಂಡವನ್ನು ನೀರಿಗೆ ಬಿಡು ಎಂದು ನೇರವಾಗಿ ಹೇಳಿಬಿಡುತ್ತಾನೆ. ಅವಳು ತಿಪ್ಪೆಗೆ ಎಸೆಯುತ್ತಾಳೆ. ಅವನ ಶಾಪದಿಂದ ಕಲ್ಲಾದವಳಿಗೆ ಅಶ್ವಮೇಧದ ಕುದುರೆಯ ಹಿಂದೆ ಬಂದ ಅರ್ಜುನನ ಸ್ಪರ್ಶದಿಂದಲೇ ಬಿಡುಗಡೆ.

ಆ ದಾರಿಯ ದೃಶ್ಯದಲ್ಲಿ ಚಂಡಿ ಹಿಡಿದವರು ಯಾರು? ಪೆಟ್ರೂಚಿಯೋ! ಹಗಲಿಗೆ ರಾತ್ರಿ ಎನ್ನುವವನು, ಮುದುಕನಿಗೆ ಕನ್ಯೆ ಎನ್ನುವವನು, ತಾನು ಹೇಳಿದ್ದೇ ಗಂಟೆಯಾಗಬೇಕೆಂದು ಹಟ ಮಾಡುವವನು ಅವನು. ‘ಅವಳದೇ ಸ್ವಭಾವದಿಂದ ಅವಳನ್ನು ಕೊಲ್ಲುತ್ತಿದ್ದಾನೆ’ ಎಂದು ಅವನ ಮನೆಯ ಆಳೊಬ್ಬ ಮೊದಲೇ ಹೇಳಿದ್ದಾನೆ. ಕೇಟ್ ಅಲ್ಲಿ ಉದ್ದಾಲಕನ ಉಪಾಯವನ್ನು ಕಲಿಯುತ್ತಾಳೆ. ‘ಇಷ್ಟು ದೂರ ಬಂದಿದ್ದೇವೆ, ಮುಂದೆ ನಡೆಯಿರಿ. ಅದು ಚಂದ್ರನಾಗಲಿ, ಸೂರ್ಯನಾಗಲಿ, ನಿಮಗಿಷ್ಟವಿದ್ದರೆ ಹಣತೆಯಾಗಲಿ, ಇನ್ನು ಮೇಲೆ ನನಗೂ ಅದೇ’ ಎನ್ನುತ್ತಾಳೆ. ಎದುರಿಗೆ ಬಂದ ಮುದುಕ ವಿನ್ಸೆನ್ಶಿಯೋನನ್ನು ಅರಳುವ ಮೊಗ್ಗಿನಂಥ ಕನ್ಯೆಯೆಂದು ಗಂಡ ಹೇಳಿದ್ದಕ್ಕಿಂತ ಹತ್ತುಪಾಲು ಹೆಚ್ಚು ಹೊಗಳುತ್ತಾಳೆ. ಅವನು ಮುದುಕನಲ್ಲವೇ ಎಂದು ಗಂಡ ತಿದ್ದಿದಾಗ, ‘ಸೂರ್ಯನ ಬೆಳಕಿಗೆ ಕಣ್ಣು ಕತ್ತಲಿಟ್ಟು ತಪ್ಪಾಯಿತು’ ಎಂದು ಕ್ಷಮೆ ಕೇಳುತ್ತಾಳೆ. ಸೂರ್ಯನ ಬೆಳಕಿಗೆ! ಒಂದು ಕ್ಷಣ ಮೊದಲು ಚಂದ್ರನೆಂದು ಒಪ್ಪಿದ್ದ ಅದೇ ಬೆಳಕಿಗೆ. ಗಯ್ಯಾಳಿತನ ಅಡಗಿದ ಕ್ಷಣದಲ್ಲಿಯೇ ಅವಳ ಬುದ್ಧಿ ಮೊದಲ ಬಾರಿಗೆ ಆಟವಾಡುತ್ತದೆ. ಅವಳು ಬದಲಾದಳೇ ಎಂದರೆ, ಹೌದು, ಬದಲಾದಳು: ಮಾತು ನಿಜವನ್ನು ಹೇಳುವುದಕ್ಕೆ ಎಂದು ನಂಬಿದ್ದವಳು, ಮಾತು ದಾರಿ ಸಾಗುವುದಕ್ಕೆ ಎಂದು ಕಲಿತಳು. ಆ ಕಲಿಕೆಯಲ್ಲಿ ಚೆಲುವೂ ಇದೆ, ದೊಡ್ಡ ನಷ್ಟವೂ ಇದೆ.

ಇನ್ನು ಆ 44 ಸಾಲುಗಳು. ಬಿಯಾಂಕಾಳ ಮದುವೆಯ ಔತಣದಲ್ಲಿ ಮೂವರು ಗಂಡಂದಿರು ತಮ್ಮ ಹೆಂಡತಿಯರ ವಿಧೇಯತೆಯ ಮೇಲೆ ಪಣ ಕಟ್ಟುತ್ತಾರೆ. 20 ಕ್ರೌನ್ ಎಂದದ್ದು 100ಕ್ಕೆ ಏರುತ್ತದೆ. ಮೌನಿಯೆಂದು ಎಲ್ಲರೂ ಮೆಚ್ಚಿದ್ದ ಬಿಯಾಂಕಾ ಕರೆದರೆ ಬರುವುದಿಲ್ಲ. ಕೇಟ್ ಬರುತ್ತಾಳೆ, ಟೋಪಿ ತೆಗೆದು ನೆಲಕ್ಕೆಸೆ ಎಂದರೆ ಎಸೆಯುತ್ತಾಳೆ, ಈ ಹೆಂಗಸರಿಗೆ ಬುದ್ಧಿ ಹೇಳು ಎಂದು ಅಪ್ಪಣೆಯಾದಾಗ ಹೇಳುತ್ತಾಳೆ. ನಾಟಕದಲ್ಲಿ ಪೆಟ್ರೂಚಿಯೋನ ಮಾತಿನ ಅರ್ಧದಷ್ಟೂ ಇಲ್ಲದವಳಿಗೆ ಇಡೀ ನಾಟಕದ ಅತಿ ದೀರ್ಘ ಭಾಷಣ ಇಲ್ಲಿ ಸಿಗುತ್ತದೆ.

ಅದರ ಒಂದು ಭಾಗವನ್ನು ನಿಮ್ಮ ಮಗಳು ನಿಧಾನವಾಗಿ ಓದಲಿ. ಗಂಡ ನಿನಗಾಗಿ ನೆಲದಲ್ಲಿ, ಕಡಲಲ್ಲಿ ಮೈಮುರಿದು ದುಡಿಯುತ್ತಾನೆ. ಬಿರುಗಾಳಿಯ ರಾತ್ರಿಗಳಲ್ಲಿ ಎಚ್ಚರವಾಗಿರುತ್ತಾನೆ, ಹಗಲು ಚಳಿಯಲ್ಲಿ ನವೆಯುತ್ತಾನೆ. ನೀನು ಮನೆಯಲ್ಲಿ ಬೆಚ್ಚಗೆ, ನಿಶ್ಚಿಂತೆಯಿಂದ ಮಲಗಿರುತ್ತೀಯೆ. ಇದನ್ನು ಹೇಳುತ್ತಿರುವವಳು ಚಳಿಯಲ್ಲಿ ಕೆಸರಿಗೆ ಬಿದ್ದವಳು, ರಾತ್ರಿ ನಿದ್ದೆಯಿಲ್ಲದೆ ಕುಳಿತವಳು, ಅಡುಗೆಯವರ ಮುಂದೆ ಒಂದು ತುಂಡು ಮಾಂಸಕ್ಕೆ ಅಂಗಲಾಚಿದವಳು. ಗಂಡನೋ ಅವಳ ವರದಕ್ಷಿಣೆಗಾಗಿ ಬಂದವನು; ಕಡಲಿನಲ್ಲಿ ಅವನು ಪಟ್ಟ ಕಷ್ಟವೊಂದನ್ನೂ ನಾವು ನೋಡಿಲ್ಲ. ನಾಲ್ಕನೆಯ ಅಂಕ ನೋಡಿದ ಪ್ರೇಕ್ಷಕನ ಕಿವಿಯಲ್ಲಿ ಈ ಸಾಲುಗಳು ಬೇರೆಯೇ ಸದ್ದು ಮಾಡುತ್ತವೆ. ಅದನ್ನು ಕತ್ತರಿಸಿದ ಪ್ರಯೋಗದಲ್ಲಿ ಅದೇ ಸಾಲುಗಳು ಹರಿಕಥೆಯ ಉಪದೇಶವಾಗಿಬಿಡುತ್ತವೆ. ಮುಂದೆ ಅವಳು ‘ನನ್ನ ಮನಸ್ಸೂ ನಿಮ್ಮಷ್ಟೇ ದೊಡ್ಡದಾಗಿತ್ತು, ತರ್ಕ ನಿಮಗಿಂತ ಹೆಚ್ಚೇ ಇತ್ತೇನೋ’ ಎನ್ನುತ್ತಾಳೆ. ‘ಇತ್ತು’ ಎಂಬ ಆ ಕ್ರಿಯಾಪದವನ್ನು ಅವಳು ಹೇಗೆ ಹೇಳುತ್ತಾಳೆಂಬುದರ ಮೇಲೆ ಬಹಳಷ್ಟು ನಿಂತಿದೆ.

ಕಣ್ಣು ಮಿಟುಕಿಸುವ ಉಪಾಯ ಹಳೆಯದು. ಈ ನಾಟಕದ 1929ರ ಚಲನಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಭಾಷಣದ ನಡುವೆ ತಂಗಿಯತ್ತ ಹಾಗೆ ಮಾಡಿದಳು. ನನಗೆ ಅದು ಹಿಡಿಸುವುದಿಲ್ಲ. ಅದು ಕೇಟಳಿಗಿಂತ ಹೆಚ್ಚಾಗಿ ನಮಗೆ ನೆಮ್ಮದಿ ಕೊಡುತ್ತದೆ: ಏನೂ ಆಗಿಲ್ಲ, ಎಲ್ಲ ತಮಾಷೆ, ಮನೆಗೆ ಹೋಗಿ. 1967ರ ಚಿತ್ರದಲ್ಲಿ ಎಲಿಜಬೆತ್ ಟೇಲರ್ ಪೂರಾ ಗಂಭೀರವಾಗಿ ಹೇಳಿ, ಮುಗಿದೊಡನೆ ಹೊರಟುಹೋಗುತ್ತಾಳೆ. ಗಂಡ ಅವಳ ಹಿಂದೆ ಓಡಬೇಕಾಗುತ್ತದೆ. ಅದು ಹೆಚ್ಚು ಪ್ರಾಮಾಣಿಕ.

ಮೇಷ್ಟ್ರು ಹೇಳಿದ ‘ಪ್ರೀತಿ’ಯನ್ನೂ ನಾನು ತಳ್ಳಿಹಾಕುವುದಿಲ್ಲ. ಐದನೆಯ ಅಂಕದಲ್ಲಿ ನಡುಬೀದಿಯಲ್ಲಿ ಅವನು ಮುತ್ತು ಕೇಳಿದಾಗ ಮೊದಲು ನಾಚಿದವಳು, ಕೊಟ್ಟು, ‘ಈಗಲಾದರೂ ನಿಲ್ಲು, ನಲ್ಲ’ ಎನ್ನುತ್ತಾಳೆ. ಆ ಸಾಲಿನಲ್ಲಿ ಮೆದುತನವಿದೆ, ಅದನ್ನು ಮೆದುವಾಗಿಯೇ ಆಡಬೇಕು. ಹಸಿವಿಕ್ಕಿದ ಕೈಯೇ ತುತ್ತು ಕೊಟ್ಟಾಗ ಆ ಕೈಯ ಮೇಲೆ ಮಮತೆ ಹುಟ್ಟುವುದು ಮನುಷ್ಯರಲ್ಲಿ ಇಲ್ಲದ ಸಂಗತಿಯಲ್ಲ. ಷೇಕ್ಸ್‌ಪಿಯರ್ ಅದನ್ನೂ ಬಲ್ಲವನಾಗಿದ್ದ.

‘ನಂಜುಂಡಿ ಕಲ್ಯಾಣ’ ನೋಡಿ ನಕ್ಕದ್ದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. 1989ರ ಆ ಚಿತ್ರಕ್ಕೆ ಮೂಲ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ, ಅದಕ್ಕೆ ಮೂಲ ಇದೇ ಷೇಕ್ಸ್‌ಪಿಯರ್. ಹೆಸರಿನಲ್ಲೇ ಆದ ಪಲ್ಲಟವನ್ನು ಗಮನಿಸಿ: ಇಂಗ್ಲಿಷಿನಲ್ಲಿ ಗಯ್ಯಾಳಿ ಇದ್ದ ಜಾಗಕ್ಕೆ ಕನ್ನಡದಲ್ಲಿ ಗಂಡ ಬಂದು ಕುಳಿತ. ಆದರೂ ಆ ಚಿತ್ರದಲ್ಲಿ ಜನರ ಮನಸ್ಸಿನಲ್ಲಿ ಉಳಿದವರು ಪಳಗುವ ಮೊದಲಿನ ಮಾಲಾಶ್ರೀ ಎಂದೇ ನನ್ನ ಅನಿಸಿಕೆ.

ಕೊನೆಯದಾಗಿ, ಮೇಷ್ಟ್ರನ್ನು ಒಂದು ವಿಷಯಕ್ಕೆ ಒಪ್ಪಿಸಲು ನಿಮ್ಮ ಮಗಳು ಪ್ರಯತ್ನಿಸಲಿ. ಕುಡುಕನ ಪ್ರಸಂಗದಿಂದ ಐದು ನಿಮಿಷವನ್ನಾದರೂ ಮರಳಿ ಸೇರಿಸಬೇಕು. ಬೀದಿಯಲ್ಲಿ ಕುಡಿದು ಬಿದ್ದಿದ್ದ ಸ್ಲೈ ಎಂಬ ಬಡವನನ್ನು ಸಾಹುಕಾರನೊಬ್ಬ ತಮಾಷೆಗಾಗಿ ಮನೆಗೆ ಹೊತ್ತು ತರಿಸಿ, ನೀನೇ ದೊಡ್ಡ ಜಮೀನ್ದಾರ ಎಂದು ನಂಬಿಸುತ್ತಾನೆ. ಅವನ ಮುಂದೆ ಆಡಿದ ನಾಟಕವೇ ಕೇಟಳ ಕಥೆ. ಆಗ ಒಬ್ಬ ಆಳು ಹುಡುಗನಿಗೆ ಸೀರೆಯುಡಿಸಿದಂತೆ ಹೆಣ್ಣುಡುಗೆ ತೊಡಿಸಿ ಸ್ಲೈನ ಹೆಂಡತಿಯೆಂದು ಕಳಿಸುತ್ತಾರೆ. ಕಣ್ಣೀರು ಬಾರದಿದ್ದರೆ ಕರವಸ್ತ್ರದಲ್ಲಿ ಈರುಳ್ಳಿ ಅಡಗಿಸಿಕೊಳ್ಳಲಿ ಎಂಬ ಸೂಚನೆಯೂ ಇದೆ. ಆ ಹುಡುಗ ಬಂದು ಹೇಳುತ್ತಾನೆ: ‘ನನ್ನ ಗಂಡ, ನನ್ನ ಒಡೆಯ, ನನ್ನ ಒಡೆಯ, ನನ್ನ ಗಂಡ. ಸಕಲ ವಿಧೇಯತೆಯಲ್ಲಿ ನಾನು ನಿಮ್ಮ ಹೆಂಡತಿ.’ ಅಂದು ಕೇಟಳ ಪಾತ್ರವನ್ನೂ ಆಡಿದ್ದು ಹುಡುಗನೇ, ನಮ್ಮ ಕಂಪನಿ ನಾಟಕಗಳ ಹೆಣ್ಣುವೇಷದ ಹಾಗೆ. ಇಂಗ್ಲೆಂಡಿನ ವೃತ್ತಿರಂಗಭೂಮಿಗೆ ಹೆಂಗಸರು ಬಂದದ್ದು 1660ರಲ್ಲಿ. ನಾಟಕದ ಮೊದಲಿಗೆ ವೇಷಧಾರಿಯ ಬಾಯಲ್ಲಿ ಕೇಳಿದ ಆ ಮಾತನ್ನು ಪ್ರೇಕ್ಷಕರು ಕೊನೆಯಲ್ಲಿ ಕೇಟಳ ಬಾಯಲ್ಲಿ ಮತ್ತೆ ಕೇಳಬೇಕು. ಆಗ ಕಣ್ಣು ಮಿಟುಕಿಸುವ ಅಗತ್ಯ ನಿಮ್ಮ ಮಗಳಿಗೆ ಬೀಳುವುದಿಲ್ಲ.

ಆಮೇಲೆ ಅವಳು 44 ಸಾಲುಗಳನ್ನೂ, ಒಂದನ್ನೂ ಬಿಡದೆ, ನಗಿಸಲು ಯತ್ನಿಸದೆ ಹೇಳಲಿ. ‘ನನ್ನ ಕೈ ಸಿದ್ಧವಾಗಿದೆ’ ಎಂಬಲ್ಲಿ ಭಾಷಣ ಮುಗಿಯುತ್ತದೆ. ಅವಳು ಕೈಯನ್ನು ನಿಜವಾಗಿ ಗಂಡನ ಕಾಲಡಿಗೆ ಇಡುತ್ತಾಳೋ, ಅವನು ಅದಕ್ಕೆ ಮೊದಲೇ ಹಿಡಿದೆತ್ತುತ್ತಾನೋ, ಷೇಕ್ಸ್‌ಪಿಯರ್ ಬರೆದಿಲ್ಲ. ಆ ಕೈಯನ್ನು ಗಾಳಿಯಲ್ಲಿ ಎಷ್ಟು ಹೊತ್ತು ಹಿಡಿದಿರಬೇಕೆಂಬುದನ್ನು ಅವಳೇ ತೀರ್ಮಾನಿಸಬಹುದು.